ಟ್ಯಾನ್ ಹಿಲ್ ಇನ್

ಉತ್ತರ ಇಂಗ್ಲೆಂಡಿನ ಪೆನೈನ್ ಬೆಟ್ಟಸಾಲಿನಲ್ಲಿ, ಯಾರ್ಕ್‌ಷೈರ್ ಡೇಲ್ಸ್‌ನ ಉತ್ತರದ ಅಂಚಿನಲ್ಲಿರುವ ಹಳೆಯ ಪಬ್. ಸಮುದ್ರಮಟ್ಟದಿಂದ 528 ಮೀಟರ್ (1,732 ಅಡಿ) ಎತ್ತರದಲ್ಲಿದ್ದು, ಬ್ರಿಟನ್ನಿನ ಅತಿ ಎತ್ತರದ ಪಬ್ ಎಂದು ಹೆಸರಾಗಿದೆ. ಎತ್ತರಕ್ಕಿಂತ ಇದರ ಒಂಟಿತನವೇ ಹೆಚ್ಚು ಗಮನಾರ್ಹ. ಸುತ್ತ ಕಣ್ಣು ಹಾಯುವವರೆಗೂ ಜೌಗು ಹುಲ್ಲುಗಾವಲು. ಹತ್ತಿರದ ಹಳ್ಳಿ ಕೆಲ್ಡ್‌ಗೆ ಆರು ಕಿಲೋಮೀಟರಿಗೂ ಹೆಚ್ಚು ದಾರಿ.

ಇಂಥ ಬಯಲಿನಲ್ಲಿ ಪಬ್ ಹುಟ್ಟಿಕೊಂಡದ್ದು ಕಲ್ಲಿದ್ದಲಿನ ಕಾರಣದಿಂದ. ಮಧ್ಯಯುಗದಿಂದಲೂ ಇಲ್ಲಿ ಸಣ್ಣ ಗಣಿಗಳಿದ್ದವು. ಗಣಿ ಕೂಲಿಗಳು, ಕುದುರೆಗಳ ಮೇಲೆ ಇದ್ದಲು ಹೇರಿಕೊಂಡು ಹೋಗುವವರು, ಕುರಿ ಮಂದೆ ಹೊಡೆದುಕೊಂಡು ಬರುವವರು ಇದರ ಗಿರಾಕಿಗಳು.

ಇದನ್ನು ನಡೆಸಿದವರಲ್ಲಿ ಇಂದಿಗೂ ಜನರ ಬಾಯಲ್ಲಿರುವ ಹೆಸರು ಸೂಸನ್ ಪೀಕಾಕ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಈಕೆ 1937ರಲ್ಲಿ ತೀರಿಕೊಳ್ಳುವವರೆಗೂ ಪಬ್ಬಿನ ಯಜಮಾನಿಯಾಗಿದ್ದರು. ಕೈಗೆಟುಕುವಲ್ಲೇ ಪಿಸ್ತೂಲು ಇಟ್ಟುಕೊಂಡಿರುತ್ತಿದ್ದರೆಂಬ ಮಾತಿದೆ. ಅದು ನಿಜವೋ ಕಟ್ಟುಕಥೆಯೋ, ಚಳಿಗಾಲದಲ್ಲಿ ವಾರಗಟ್ಟಲೆ ಹಿಮ ಮುಚ್ಚುವ ಮನೆಯಲ್ಲಿ ಮೂರು ದಶಕ ವ್ಯಾಪಾರ ನಡೆಸಿದವರ ಬಗ್ಗೆ ಊರವರು ನಂಬಬಹುದಾದ ಮಾತೇ. ಹತ್ತಿರದ ಬಂಡೆಯೊಂದರ ಮೇಲೆ ಅವರ ಹೆಸರು ಕೆತ್ತಲಾಗಿದೆ. ಅವರ ಕಾಲದಲ್ಲೇ ಗಣಿ ಕೆಲಸ ನಿಂತುಹೋಯಿತು.

ಆ ಬಳಿಕ ಪಬ್ಬಿನ ಒಡೆತನ ಹಲವರ ಕೈ ದಾಟಿತು. 1965ರಲ್ಲಿ ಉದ್ಘಾಟನೆಯಾದ ಪೆನೈನ್ ವೇ ಕಾಲುದಾರಿ ಬಾಗಿಲ ಮುಂದೆಯೇ ಹಾದುಹೋದದ್ದರಿಂದ ಚಾರಣಿಗರು ಹೊಸ ಗಿರಾಕಿಗಳಾದರು. ಮೇ ಕೊನೆಯಲ್ಲಿ ಇಲ್ಲಿ ನಡೆಯುವ ಸ್ವೇಲ್‌ಡೇಲ್ ಕುರಿ ಪ್ರದರ್ಶನಕ್ಕೆ ರೈತರು ಕರಿಮುಖ, ಬಿಳಿಮೂತಿ, ಸುರುಳಿ ಕೊಂಬಿನ ಟಗರುಗಳನ್ನು ತರುತ್ತಾರೆ. 1974ರ ಗಡಿ ಬದಲಾವಣೆಯಲ್ಲಿ ಯಾರ್ಕ್‌ಷೈರಿನ ಈ ಪಬ್ ಡರಮ್ ಕೌಂಟಿಗೆ ಸೇರಿಹೋಗಿ, ಮುಂದೆ ಯಾರ್ಕ್‌ಷೈರಿಗೇ ಮರಳಿತು. 1980ರ ದಶಕದ ಎವರೆಸ್ಟ್ ಕಂಪನಿಯ ಕಿಟಕಿ ಜಾಹೀರಾತು ಇದನ್ನು ದೇಶಕ್ಕೆಲ್ಲ ಪರಿಚಯಿಸಿತು: ಹೊರಗೆ ಗಾಳಿ ಬೀಸುತ್ತಿದ್ದರೂ ಟಿವಿಯಲ್ಲಿ ಹೆಸರಾಗಿದ್ದ ಟೆಡ್ ಮೋಲ್ಟ್ ಮುಚ್ಚಿದ ಕಿಟಕಿಯ ಬಳಿ ಬಿಟ್ಟ ಗರಿ ಅಲುಗಾಡದೆ ನೇರ ಕೆಳಗಿಳಿಯುತ್ತದೆ.

2021ರ ನವೆಂಬರ್ 26ರಂದು ಓಯಸಿಸ್ ತಂಡದ ಹಾಡುಗಳನ್ನು ಹಾಡುವ ನೋಯಸಿಸ್ ತಂಡದ ಕಾರ್ಯಕ್ರಮ ಈ ಪಬ್ಬಿನಲ್ಲಿತ್ತು. ಆ ರಾತ್ರಿ ಅರ್ವೆನ್ ಬಿರುಗಾಳಿಯ ಹಿಮ ರಸ್ತೆಯನ್ನು ಮುಚ್ಚಿತು, ವಿದ್ಯುತ್ ತಂತಿಗಳೂ ರಸ್ತೆಗೆ ಬಿದ್ದವು. ಹಾಡುಗಾರರೂ ಸೇರಿ ಅರವತ್ತಕ್ಕೂ ಹೆಚ್ಚು ಮಂದಿ ಮೂರು ರಾತ್ರಿ ಅಲ್ಲೇ ಉಳಿಯಬೇಕಾಯಿತು. ರಸಪ್ರಶ್ನೆ, ಸಿನಿಮಾ, ಕರಾವೋಕೆಯಲ್ಲಿ ಕಾಲ ಕಳೆದ ಅವರು ಊರಿಗೆ ಹೊರಟದ್ದು ಸೋಮವಾರ.