ಕೋಲಾರದ ಚಿಕ್ಕ ರೈಲು: ಜನರ ದುಡ್ಡಿನಿಂದ ಹುಟ್ಟಿದ ಒಂದು ಹಳಿಯ ಕಥೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಬೇಕೆಂದು ತೀರ್ಮಾನವಾಯಿತು. ಚಿಕ್ಕಜಾಜೂರು ಜಂಕ್ಷನ್ ಊರು. ರೈಲಿನ ಸದ್ದು ಕೇಳದೆ ನಮಗೆ ಬೆಳಗಾಗುವುದಿಲ್ಲ. ಆದ್ದರಿಂದ ರೈಲಿನ ವಿಷಯವನ್ನೇ ಆರಿಸಿಕೊಂಡೆ. ಆದರೆ ನಮ್ಮೂರ ರೈಲಲ್ಲ. ನಮ್ಮ ಸಂಘದ ಹಾಗೆಯೇ ಜನರ ಕಾಸಿನಿಂದ ಎದ್ದು, ಎಂಬತ್ತು ವರ್ಷದ ಹತ್ತಿರ ಓಡಿ, ಆಮೇಲೆ ನಿಂತುಹೋದ ಕೋಲಾರ ಸೀಮೆಯ ನ್ಯಾರೋಗೇಜ್ ರೈಲು.

ಮೊದಲು ಗೇಜ್ ಅಂದರೇನು ಎಂಬುದನ್ನು ಹೇಳುತ್ತೇನೆ. ಎರಡು ಹಳಿಗಳ ನಡುವಿನ ಅಗಲವೇ ಗೇಜ್. ಬ್ರಾಡ್ ಗೇಜ್ ಅಂದರೆ ಐದೂವರೆ ಅಡಿ. ಮೀಟರ್ ಗೇಜ್ ಅಂದರೆ ಒಂದು ಮೀಟರು, ಸುಮಾರು ಮೂರೂಕಾಲು ಅಡಿ. ಕೋಲಾರದ ಹಳಿ ಬರೀ ಎರಡೂವರೆ ಅಡಿ. ಪುಟ್ಟ ಇಂಜಿನ್ನು, ಪುಟ್ಟ ಡಬ್ಬಿಗಳು, ನಿಧಾನದ ಓಟ.

ಆ ಸೀಮೆಗೆ ಇಂಥ ರೈಲು ಏಕೆ ಬೇಕಾಯಿತು? ಬೆಂಗಳೂರು-ಮದ್ರಾಸು ಬ್ರಾಡ್ ಗೇಜ್ ದಾರಿ ಬೌರಿಂಗ್‌ಪೇಟೆಯ ಮೇಲೆ ಹೋಗುತ್ತಿತ್ತು. ಅದೇ ಈಗಿನ ಬಂಗಾರಪೇಟೆ. ಅಲ್ಲಿಂದ ಚಿನ್ನದ ಗಣಿಗೆ 1894ರಲ್ಲೇ ಕವಲು ಹಳಿ ಬಿತ್ತು. ಚಿನ್ನಕ್ಕೆ ರೈಲು ಬಂತು, ಜಿಲ್ಲೆಯ ಮುಖ್ಯ ಪಟ್ಟಣವಾದ ಕೋಲಾರಕ್ಕೆ ಬರಲಿಲ್ಲ. ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ರೈತರು ಮಾಲು ಸಾಗಿಸಲು ಎತ್ತಿನ ಗಾಡಿಯನ್ನೇ ನೆಚ್ಚಬೇಕಾಗಿತ್ತು.

ಸರ್ಕಾರ ಎಲ್ಲ ಕಡೆ ದೊಡ್ಡ ಹಳಿ ಹಾಕುವಷ್ಟು ದುಡ್ಡು ಇರಲಿಲ್ಲ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಊರಾದ ಮುದ್ದೇನಹಳ್ಳಿಯೂ ಚಿಕ್ಕಬಳ್ಳಾಪುರದ ಪಕ್ಕದ್ದೇ. ಜಿಲ್ಲಾ ಬೋರ್ಡುಗಳು ಕಂದಾಯದ ಜೊತೆ ರೈಲ್ವೆ ಸೆಸ್ ಎತ್ತಿ ತಮ್ಮ ಜಿಲ್ಲೆಗೆ ತಾವೇ ರೈಲು ಮಾಡಿಕೊಳ್ಳಲಿ ಎಂಬ ನೀತಿ ಆ ಕಾಲದ್ದು. ಹಾಗೆ ಕೋಲಾರ ಜಿಲ್ಲಾ ಬೋರ್ಡಿನ ರೈಲು ಹುಟ್ಟಿತು. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಗಾಡಿ ಓಡಿತು; ಆಮೇಲೆ ಹಳಿ ಚಿಕ್ಕಬಳ್ಳಾಪುರದವರೆಗೆ ಬೆಳೆಯಿತು. ಆ ಕಡೆ ಯಶವಂತಪುರದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಷೇರು ಕಂಪನಿ ಹಳಿ ಹಾಕಿತು. 1910ರ ದಶಕ ಮುಗಿಯುವಷ್ಟರಲ್ಲಿ ಎರಡೂ ಕೂಡಿ ನೂರು ಮೈಲಿಯ ಹತ್ತಿರದ ದಾರಿಯಾಯಿತು.

ನಮ್ಮ ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದದ್ದು 1905ರಲ್ಲಿ. ಅದರ ಹಿಂದೆಯೇ ಈ ರೈಲು. ಎರಡರ ಹಿಂದೆಯೂ ಇದ್ದ ವಿಚಾರ ಒಂದೇ: ಒಬ್ಬನ ಕೈಲಾಗದ್ದನ್ನು ಹತ್ತು ಜನ ಕೂಡಿ ಮಾಡುವುದು.

ಎರಡೂವರೆ ಅಡಿಯ ಹಳಿಗೆ ಮಣ್ಣಿನ ಏರಿ ಕಿರಿದು ಸಾಕು, ಸೇತುವೆ ಸಣ್ಣದು ಸಾಕು, ಕಂಬಿ ಹಗುರ ಸಾಕು, ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ತಿರುಗಬಹುದು. ದುಡ್ಡು ಕಡಿಮೆ ಇದ್ದವರಿಗೆ ಅದು ಸರಿಯಾದ ಲೆಕ್ಕವೇ. ಹಾಗಿಲ್ಲದಿದ್ದರೆ ಆ ಊರುಗಳು ಇನ್ನೂ ಎಷ್ಟೋ ಕಾಲ ರೈಲನ್ನೇ ಕಾಣುತ್ತಿರಲಿಲ್ಲ.

ಆದರೆ ತೊಡಕು ಇದ್ದದ್ದು ಎರಡೂ ತುದಿಯಲ್ಲಿ. ಬಂಗಾರಪೇಟೆಯಲ್ಲಿ ಬ್ರಾಡ್ ಗೇಜ್, ಯಶವಂತಪುರದಲ್ಲಿ ಮೀಟರ್ ಗೇಜ್. ಚಿಂತಾಮಣಿಯಲ್ಲಿ ತುಂಬಿದ ಚೀಲವನ್ನು ತುದಿಯಲ್ಲಿ ಇಳಿಸಿ ಬೇರೆ ವ್ಯಾಗನ್ನಿಗೆ ಏರಿಸಬೇಕು. ಎರಡು ಸಲ ಹಮಾಲಿ, ದಿನಗಟ್ಟಲೆ ಕಾಯುವುದು, ನಡುವೆ ಒಂದಿಷ್ಟು ಸೋರಿಕೆ. ರೇಷ್ಮೆ ಗೂಡು, ತರಕಾರಿ, ಮಾವಿನಹಣ್ಣು ಕಾಯುವ ಮಾಲೇ ಅಲ್ಲ. ರಸ್ತೆ ಸುಧಾರಿಸಿ ಲಾರಿ ಬಂದ ಮೇಲೆ, ತೋಟದ ಬದಿಯಲ್ಲಿ ತುಂಬಿದ್ದು ನೇರ ಮಂಡಿಯಲ್ಲೇ ಇಳಿಯಿತು. ಬಸ್ಸು ಬಂದು ಪ್ರಯಾಣಿಕರನ್ನೂ ಸೆಳೆಯಿತು.

ಇಲ್ಲಿ ನಮ್ಮ ಹಳಿಯ ಮಾತು ಹೇಳಲೇಬೇಕು. ಚಿಕ್ಕಜಾಜೂರು-ಚಿತ್ರದುರ್ಗದ ಕವಲು ದಾರಿ 1921ರಲ್ಲಿ ಆದಾಗ ಅದನ್ನು ಮುಖ್ಯ ದಾರಿಯಂತೆಯೇ ಮೀಟರ್ ಗೇಜಿನಲ್ಲಿ ಹಾಕಿದರು. ದುರ್ಗದಲ್ಲಿ ತುಂಬಿದ ವ್ಯಾಗನ್ನು ಇಲ್ಲಿ ಬಿಚ್ಚುವ ಕೆಲಸವಿಲ್ಲದೆ ಇನ್ನೊಂದು ಗಾಡಿಗೆ ಜೋಡಿಸಿಕೊಂಡು ಹೋಗುತ್ತಿತ್ತು. ಮುಂದೆ ಎರಡೂ ದಾರಿ ಬ್ರಾಡ್ ಗೇಜ್ ಆದವು. ನಮ್ಮದೂ ಸಣ್ಣ ಕವಲೇ. ಆದರೆ ದೊಡ್ಡದರ ಜೊತೆ ಕೂಡಿಕೊಂಡಿದ್ದರಿಂದ ಉಳಿಯಿತು.

ಕೋಲಾರದ ಎರಡೂ ದಾರಿಗಳು ಕೊನೆಗೆ ಮೈಸೂರು ಸರ್ಕಾರದ ರೈಲ್ವೆಗೆ ಸೇರಿ, 1951ರಲ್ಲಿ ದಕ್ಷಿಣ ರೈಲ್ವೆಗೆ ಹೋದವು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ ಬಂತು. ಆ ದಶಕದಲ್ಲಿ ಬೆಂಗಳೂರು-ಚಿಕ್ಕಬಳ್ಳಾಪುರ, ಬಂಗಾರಪೇಟೆ-ಕೋಲಾರ ಎರಡೂ ತುದಿ ಬ್ರಾಡ್ ಗೇಜ್ ಆದವು. ನಡುವಿನ ಕೋಲಾರ-ಚಿಕ್ಕಬಳ್ಳಾಪುರ, ಸುಮಾರು 85 ಕಿಲೋಮೀಟರು, ಹಾಗೇ ಉಳಿಯಿತು. ಅಲ್ಲಿ ಚಿಕ್ಕ ರೈಲು ನಿಂತಿತು, ದೊಡ್ಡದು ಬರಲಿಲ್ಲ. ಅಜ್ಜಂದಿರು ಸೆಸ್ ಕೊಟ್ಟು ತಂದ ರೈಲನ್ನು ಮೊಮ್ಮಕ್ಕಳು ವರ್ಷಗಟ್ಟಲೆ ಕಾಯಬೇಕಾಯಿತು. ಕೊನೆಗೆ 2013ರ ನವೆಂಬರಿನಲ್ಲಿ ಆ ದಾರಿಯೂ ಬ್ರಾಡ್ ಗೇಜ್ ಆಗಿ ತೆರೆಯಿತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನ ಹಳೇ ಹೆಂಚಿನ ಸ್ಟೇಷನ್ನುಗಳನ್ನು ಇಂಟ್ಯಾಕ್ ಸಂಸ್ಥೆಯವರು ದುರಸ್ತಿ ಮಾಡಿ ಉಳಿಸಿದ್ದಾರೆ. ಆ ಕಡೆ ಹೋದವರು ಒಂದು ಗಳಿಗೆ ಇಳಿದು ನೋಡಬೇಕು.

ಆ ಚಿಕ್ಕ ರೈಲು ಸೋತಿತು ಅಂತ ನಾನು ಹೇಳುವುದಿಲ್ಲ. ಎರಡೂವರೆ ಅಡಿ ಹಳಿಗೆಂದು ಅಂದು ಬಿಡಿಸಿದ ದಾರಿ ಇಲ್ಲದಿದ್ದರೆ ಇಂದಿನ ದೊಡ್ಡ ಹಳಿ ಆ ಊರುಗಳಿಗೆ ಬರುವುದು ಸುಲಭವಿರಲಿಲ್ಲ. ನಮ್ಮ ಸಂಘವೂ ಸಣ್ಣ ಷೇರಿನಿಂದಲೇ ಎದ್ದದ್ದು. ಸಣ್ಣದಾಗಿ ಶುರು ಮಾಡುವುದು ತಪ್ಪಲ್ಲ. ಜಿಲ್ಲಾ ಬ್ಯಾಂಕು, ಮಾರುಕಟ್ಟೆ, ಹೊಸ ಲೆಕ್ಕದ ಪದ್ಧತಿ ಇವುಗಳ ಜೊತೆ ನಮ್ಮ ಹಳಿ ಕೂಡುವ ಹಾಗೆ ನೋಡಿಕೊಳ್ಳಬೇಕು. ನಮ್ಮ ಅಡಿಕೆ, ಮೆಕ್ಕೆಜೋಳದ ಚೀಲವನ್ನು ನಡುದಾರಿಯಲ್ಲಿ ಮತ್ತೆ ಮತ್ತೆ ಇಳಿಸುವ ಪಾಡು ಬರಬಾರದು.