ಎಂಜಿಬಿ ಕಾರಿನ ಕಿಟಕಿ ರೆಗ್ಯುಲೇಟರ್

ಎಂಜಿಬಿ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಇದಕ್ಕೂ ಹಿಂದಿನ ಎಂಜಿಎ ರೋಡ್‌ಸ್ಟರ್‌ಗೆ ಕಳಚಿಡುವ ಪಕ್ಕದ ಪರದೆಗಳಷ್ಟೇ ಇದ್ದವು. ಎಂಜಿಬಿಗೆ ಹಿಡಿ ತಿರುಗಿಸಿ ಏರಿಳಿಸುವ ಗಾಜು ಬಂತು. ಬಾಗಿಲೊಳಗಿದ್ದು ಈ ಕೆಲಸ ಮಾಡುವ ಭಾಗವೇ ರೆಗ್ಯುಲೇಟರ್.

ಹಿಡಿ ತಿರುಗಿದಂತೆ ಪುಟ್ಟ ಹಲ್ಲುಗಾಲಿಯೊಂದು ಬೀಸಣಿಗೆಯಾಕಾರದ ಹಲ್ಲುಪಟ್ಟಿಯನ್ನು ನೂಕುತ್ತದೆ. ಪಟ್ಟಿಗೆ ಸೇರಿದ ತೋಳಿನ ತುದಿ ಗಾಜಿನ ತಳದ ಚಾನೆಲ್‌ನಲ್ಲಿ ಜಾರುತ್ತ ಗಾಜನ್ನು ಎತ್ತುತ್ತದೆ. ದಶಕಗಳ ಬಳಕೆಯಲ್ಲಿ ಗ್ರೀಸ್ ಒಣಗಿ ಅಂಟಾಗುತ್ತದೆ, ಹಲ್ಲುಗಳು ಸವೆಯುತ್ತವೆ. ಆಗ ಹಿಡಿ ಸುಮ್ಮನೆ ತಿರುಗುತ್ತದೆ, ಇಲ್ಲವೇ ಗಾಜು ಓರೆಯಾಗಿ ನಡುವೆ ಸಿಕ್ಕಿಕೊಳ್ಳುತ್ತದೆ. ಎಲ್ಲ ದೋಷವೂ ರೆಗ್ಯುಲೇಟರಿನದಲ್ಲ: ಗಾಜು ಓಡಾಡುವ ಅಂಚಿನ ಪಟ್ಟಿ ಒಣಗಿ ಬಿಗಿದಿದ್ದರೆ ಹೊಸ ರೆಗ್ಯುಲೇಟರ್ ಕೂಡ ಬೇಗ ಸವೆಯುತ್ತದೆ.

ಬದಲಿಸಲು ಹಿಡಿಯನ್ನೂ ಒಳಹಲಗೆಯನ್ನೂ ಬಿಚ್ಚಿ, ಗಾಜನ್ನು ಮೇಲೆತ್ತಿ ಮರದ ಬೆಣೆಯಿಂದ ಭದ್ರಪಡಿಸಬೇಕು. ಬೆಣೆ ಸಡಿಲವಾದರೆ ಗಾಜು ಬಾಗಿಲೊಳಗೆ ಬೀಳುತ್ತದೆ, ಕೈ ಅಲ್ಲಿದ್ದರೆ ಪೆಟ್ಟು ಖಂಡಿತ. ಬಳಿಕ ಬೋಲ್ಟುಗಳನ್ನು ತೆಗೆದು, ತೋಳನ್ನು ಚಾನೆಲ್ಲಿನಿಂದ ಜಾರಿಸಿ, ಇಡೀ ಭಾಗವನ್ನು ಬಾಗಿಲ ಒಳತಗಡಿನ ಕಿಂಡಿಯಿಂದ ಹೊರಗೆಳೆಯುತ್ತಾರೆ. ತಗಡಿನ ಅಂಚು ಹರಿತವಾದ್ದರಿಂದ ಕೈಗವಸು ಬೇಕೇ ಬೇಕು. ಹೊಸದನ್ನು ಕೂರಿಸಿದ ಮೇಲೆ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು ಗಾಜನ್ನು ಒಂದೆರಡು ಸಲ ಏರಿಳಿಸಿ, ಅದು ನೇರವಾಗಿ ಕುಳಿತ ಬಳಿಕ ಬಿಗಿಯುವುದು ಸರಿ. ಬಾಗಿಲ ತಳದ ನೀರುಗಂಡಿಗಳನ್ನೂ ಆಗಲೇ ಶುಚಿಗೊಳಿಸಬೇಕು. ತೆಗೆದ ಭಾಗದ ಹಲ್ಲುಗಳು ಗಟ್ಟಿಯಾಗಿದ್ದರೆ ತೊಳೆದು, ಗ್ರೀಸ್ ಹಚ್ಚಿ ಮರಳಿ ಕೂರಿಸುವುದೇ ಲೇಸು.