ಹಳೆಯ ಗೃಹಗಣಕಗಳ ದುರಸ್ತಿ ಹಾಗೂ ಮರುಬಳಕೆ

ದೂರದರ್ಶನದ ತೆರೆಗೆ ಜೋಡಿಸಿ ಬಳಸುತ್ತಿದ್ದ ಬಿಬಿಸಿ ಮೈಕ್ರೋ (1981), ಝಡ್‌ಎಕ್ಸ್ ಸ್ಪೆಕ್ಟ್ರಮ್ (1982) ಮೊದಲಾದ ಗಣಕಯಂತ್ರಗಳ ದೋಷಗಳನ್ನು ಶೋಧಿಸಿ, ಅವುಗಳಿಗೆ ನೂತನ ಉಪಯೋಗವನ್ನು ಕಲ್ಪಿಸುವ ಹವ್ಯಾಸ. ಇವುಗಳಲ್ಲಿ ಮೈಕ್ರೋ ಶಾಲಾಮಕ್ಕಳಿಗೆ ಗಣಕ ಕಲಿಸುವ 1984ರ ಕ್ಲಾಸ್ ಯೋಜನೆಯ ಮೂಲಕ ಭಾರತದ ಶಾಲೆಗಳನ್ನು ಪ್ರವೇಶಿಸಿತು. ಬೇಸಿಗೆಯ ತಾಪವು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ಬೀದರ, ಭಾಲ್ಕಿ, ಔರಾದಗಳಂತಹ ಸ್ಥಳಗಳಲ್ಲಿ ಪವರ್ ಸಪ್ಲೈಯಲ್ಲಿ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳೊಳಗಿನ ದ್ರವವು ಬೇಗನೆ ಆರುವುದರಿಂದ, ಮೊದಲು ಪರೀಕ್ಷಿಸತಕ್ಕದ್ದು ಪವರ್ ಸಪ್ಲೈಯನ್ನು; ಮೈಕ್ರೋದಲ್ಲಿಯಾದರೋ ವಿದ್ಯುತ್ತಿನ ಪ್ರವೇಶಮಾರ್ಗದಲ್ಲಿರುವ ಕೆಪಾಸಿಟರಿನ ಪಾರದರ್ಶಕ ಕವಚವು ಕಾಲಕ್ರಮದಲ್ಲಿ ಬಿರಿದು, ತೇವವನ್ನು ಹೀರಿ, ಸ್ವಿಚ್ ಹಾಕಿದ ತುಸು ಹೊತ್ತಿಗೆ ಘಾಟುಹೊಗೆಯನ್ನು ಉಗುಳುವುದುಂಟು. ಸ್ಪೆಕ್ಟ್ರಮ್‌ನ ಕೀಲಿಮಣೆಯ ತೆಳುಹಾಳೆ ಒಣಗಿ ಸೀಳಿದರೆ ಹೊಸದನ್ನೇ ಹಾಕಬೇಕು. ಪ್ರೋಗ್ರಾಮುಗಳನ್ನು ಉಳಿಸಿಡುತ್ತಿದ್ದ ಕ್ಯಾಸೆಟ್ಟಿಗೆ ಬದಲಾಗಿ ಮೆಮೊರಿ ಕಾರ್ಡನ್ನು ಅಳವಡಿಸಿದ ಇಂತಹ ಯಂತ್ರವು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಥಮ ಪಾಠಕ್ಕೆ ಇಂದಿಗೂ ಸಮರ್ಥವಾದುದು. ಪ್ಲಗ್ ಕಿತ್ತ ಮೇಲೆಯೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಅವನ್ನು ಬರಿಗೈಯಿಂದ ಮುಟ್ಟಕೂಡದು.